ನಾಯಿಮೂತಿಯ ಶಿರಸ್ತ್ರಾಣ

ಈಸ್ಟರ್ ಹಬ್ಬಕ್ಕೆ ಇನ್ನು ಎರಡೇ ದಿನ. ಕೇಕಿನ ಹಿಟ್ಟು ಉಬ್ಬಿ ಪಾತ್ರೆಯ ಅಂಚು ದಾಟಿತ್ತು. ಇರ್ಮೀನಾ ಓವನ್ನಿನ ಬಾಗಿಲು ತೆಗೆದಳು. ಒಳಗಿನಿಂದ ಕಪ್ಪಗಿನ ಒಂದು ನಾಯಿಮೂತಿ ಅವಳನ್ನೇ ನೋಡುತ್ತಿತ್ತು. ಸುಟ್ಟ ಅಗಸೆ ಎಣ್ಣೆಯ ಹೊಗೆ ಗಪ್ಪನೆ ಹೊರಬಂದು ಅವಳ ಕಣ್ಣು ಮೂಗೆಲ್ಲ ತುಂಬಿತು.

"ಮಾವಾ!" ಎಂದು ಅವಳು ಕೂಗಿದ್ದು ಹಿತ್ತಿಲಿನ ಷೆಡ್ಡಿಗಷ್ಟೇ ಅಲ್ಲ, ಕೆರೆಯಾಚೆಗೂ ಕೇಳಿಸಿರಬೇಕು.

ಹಿಪೋಲಿತ್ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತ. ಎಪ್ಪತ್ತೊಂದರ ಮುದುಕನಾದರೂ ಸೊಸೆ ಹಿಟ್ಟಿನ ಕೈಯಲ್ಲಿ ನಿಂತಾಗ ಒಳಗೆ ಕಾಲಿಡುವ ಧೈರ್ಯ ಅವನಿಗಿರಲಿಲ್ಲ.

"ಇನ್ನು ಇಪ್ಪತ್ತೇ ನಿಮಿಷ ಕಣಮ್ಮ. ಎಣ್ಣೆ ಸವರಿದ ಉಕ್ಕು ಈಗ ಬಣ್ಣ ಹಿಡೀತಾ ಇದೆ. ಈಗ ತೆಗೆದ್ರೆ ಪಟ್ಟೆಪಟ್ಟೆ ಆಗ್ಬಿಡುತ್ತೆ."

"ನನ್ನ ಕೇಕು?"

"ಕೇಕು ಕಾಯುತ್ತೆ."

"ಕಾಯಲ್ಲ ಮಾವ! ಸುಮ್ನೆ ಕೂತ್ಕೊಂಡು ಕಾಯೋಕೆ ಹಿಟ್ಟಿಗೇನು ನಿಮ್ಮ ಹಾಗೆ ಪಿಂಚಣಿ ಬರುತ್ತಾ?"

ಅತ್ತೆ ಲುದ್ವಿಕಾ ಅತ್ತ ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಹಬ್ಬದ ಮೊಟ್ಟೆಗಳಿಗೆ ಬಣ್ಣ ಹಾಕುತ್ತಿದ್ದಳು. "ಬೈಯಿ, ಚೆನ್ನಾಗಿ ಬೈಯಿ. ನಲವತ್ತೆಂಟು ವರ್ಷ ಬೈದು ನನ್ನ ಗಂಟಲು ಕಟ್ಟೋಗಿದೆ, ಇನ್ನು ನಿನ್ನ ಸರದಿ" ಎಂದಳು.

ಆ ವರ್ಷದ ಈಸ್ಟರ್ ಕೇಕು ಗ್ಯಾರೇಜಿನ ವಾಸನೆ ಹೊಡೆಯುತ್ತಿತ್ತು. ಇರ್ಮೀನಾಳ ಗಂಡ ಗುಸ್ತಾವ್ ಎರಡು ತುಂಡು ತಿಂದು, ಅಪ್ಪನನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡಿ, "ದ್ರಾಕ್ಷಿ ಚೆನ್ನಾಗಿದೆ" ಎಂದ. ಆ ಮನುಷ್ಯನಿಗೆ ಮನೆಯಲ್ಲಿ ಯಾರ ಪಕ್ಷ ವಹಿಸಿಯೂ ಅಭ್ಯಾಸವಿಲ್ಲ.

ಹಿಪೋಲಿತನ ಹುಚ್ಚು ಊರಿಗೇ ಗೊತ್ತಿತ್ತು. ಮನೆಯಿಂದ ಅರ್ಧ ಗಂಟೆ ದೂರದ ಗ್ರುನ್‌ವಾಲ್ಡ್ ಬಯಲಿನಲ್ಲಿ ಪ್ರತಿ ಜುಲೈ ತಿಂಗಳು ಆರುನೂರು ವರ್ಷ ಹಿಂದಿನ ಯುದ್ಧವನ್ನು ಮತ್ತೆ ಆಡುತ್ತಾರೆ. ಒಂದು ಕಡೆ ಪೋಲೆಂಡಿನ ರಾಜನ ಪಡೆ, ಇನ್ನೊಂದು ಕಡೆ ಬಿಳಿ ಮೇಲಂಗಿಯ ಮೇಲೆ ಕಪ್ಪು ಶಿಲುಬೆ ಹಾಕಿದ ಜರ್ಮನ್ ಪಡೆ. ಶಿಲುಬೆಯವರು ಸೋಲಲೇಬೇಕು, ಅದರಲ್ಲಿ ಚೌಕಾಸಿಯಿಲ್ಲ. ಪೋಲೆಂಡಿನವರಾಗಿ ಹುಟ್ಟಿ, ಬಿಸಿಲಲ್ಲಿ ಉಕ್ಕು ಹೊತ್ತು, ಪ್ರತಿ ವರ್ಷ ಶತ್ರುವಾಗಿ ಸಾಯುವುದಕ್ಕೆ ಯಾರು ತಾನೇ ಬರುತ್ತಾರೆ? ಹಿಪೋಲಿತ್ ಬಂದ. ಇಪ್ಪತ್ತೆರಡು ವರ್ಷಗಳಲ್ಲಿ ಇಪ್ಪತ್ತೆರಡು ಸಲ ಸತ್ತ. ಬಸ್ ಡಿಪೋದಲ್ಲಿ ನುಜ್ಜಾದ ತಗಡುಗಳನ್ನು ನೆಟ್ಟಗೆ ಮಾಡುತ್ತಿದ್ದವನು, ನಿವೃತ್ತಿಯಾದ ಮೇಲೆ ನೆಟ್ಟಗಿದ್ದ ತಗಡುಗಳನ್ನು ಬಡಿದು ಶಿರಸ್ತ್ರಾಣ ಮಾಡತೊಡಗಿದ.

ಅವನ ತಂಡದಲ್ಲೊಂದು ಪದ್ಧತಿಯಿತ್ತು. ಯಾರಿಗೆ ಅದು ಕೊನೆಯ ವರ್ಷವೋ, ಅವರು ತಮ್ಮನ್ನು ಯಾರು ಬೀಳಿಸಬೇಕೆಂದು ತಾವೇ ಆರಿಸಿಕೊಳ್ಳಬಹುದು. ಹೊಸ ವರ್ಷದ ದಿನ ಊಟದ ಮೇಜಿನಲ್ಲಿ ಹಿಪೋಲಿತ್ ಗಂಟಲು ಸರಿಮಾಡಿಕೊಂಡು, ಈ ಬೇಸಿಗೆಯೇ ತನ್ನ ಕೊನೆಯ ಯುದ್ಧವೆಂದೂ, ತನ್ನನ್ನು ಬೀಳಿಸುವವಳು ಮೊಮ್ಮಗಳು ದೊಬ್ರಾವಾ ಎಂದೂ, ಅವಳಿಗಾಗಿ ನಾಯಿಮೂತಿಯ ಮುಖಪಟವಿರುವ ಶಿರಸ್ತ್ರಾಣವನ್ನು ತಾನೇ ಮಾಡುವುದಾಗಿಯೂ ಸಾರಿದ್ದ. ಇರ್ಮೀನಾಳ ಕೈಯ ಸೌಟು ಸಾರಿನೊಳಗೆ ಮುಳುಗಿಹೋಗಿತ್ತು.

ಅವಳು ಹತ್ತೊಂಬತ್ತು ವರ್ಷದಿಂದ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದವಳು. ಮುರಿದ ಹಲ್ಲುಗಳನ್ನು ನೋಡಿ ನೋಡಿ, ಸೈಕಲ್ಲೆಂದರೂ ಅವಳಿಗೆ ಭಯ, ಹಾಕಿ ಆಟವೆಂದರೂ ಭಯ.

"ಮುಂದಿನ ಹಲ್ಲು ಹೋದ್ರೆ ಯಾರು ಕೊಡ್ತಾರೆ, ನೀವಾ?"

"ಅದಕ್ಕೇ ಅಲ್ವಾ ನಾಯಿಮೂತಿ! ಮೂತಿ ಗೇಣುದ್ದ ಮುಂದೆ ಇರುತ್ತೆ. ಏಟು ಬಿದ್ರೆ ಜಾರಿ ಹೋಗುತ್ತೆ."

"ಅಮ್ಮ, ನಂಗೆ ಹದಿನೆಂಟು ತುಂಬಿದೆ" ಎಂದಳು ದೊಬ್ರಾವಾ.

"ನಿಂಗೆ ಹದಿನೆಂಟು. ಏಳನೇ ವರ್ಷಕ್ಕೆ ಬಂದ ನಿನ್ನ ಮುಂದಿನ ಹಲ್ಲಿಗೆ ಇನ್ನೂ ಹನ್ನೊಂದು. ಅದು ಬಿದ್ರೆ ಇನ್ನೊಂದು ಬರಲ್ಲ."

"ಗುಸ್ತಾವ್, ನೀನೇನಂತೀಯೋ?" ಎಂದು ಲುದ್ವಿಕಾ ಮಗನನ್ನು ಕೇಳಿದಳು.

"ಉಪ್ಪು ಸಾಕಾಗಿದೆ" ಎಂದ ಗುಸ್ತಾವ್.

ಒಂದು ವಾರ ಜಗಳವಾಡಿ ಕೊನೆಗೆ ಒಪ್ಪಂದವಾಯಿತು. ಯುದ್ಧದ ದಿನ ಬೆಳಗ್ಗೆ ಪ್ರತಿಯೊಬ್ಬರ ಉಡುಪು, ಆಯುಧಗಳ ತಪಾಸಣೆಯಿರುತ್ತದೆ. ಹಳೆಯ ಕಾಲದ ರೀತಿಯಲ್ಲಿ ಮಾಡಿರಬೇಕು, ತಲೆಗೆ ಸರಿಯಾಗಿ ಕೂರಬೇಕು. ಹಿಪೋಲಿತ್ ಮಾಡಿದ ಶಿರಸ್ತ್ರಾಣವೇ ಅಲ್ಲಿ ಪಾಸಾದರೆ ದೊಬ್ರಾವಾ ಬಯಲಿಗಿಳಿಯಬಹುದು. ಇಲ್ಲವಾದರೆ ಇಲ್ಲ, ಮತ್ತೆ ಆ ಮಾತೆತ್ತುವ ಹಾಗೂ ಇಲ್ಲ. ತಂಡದ ನಾಯಕ ಆಗ ಇನ್ಯಾರನ್ನಾದರೂ ಹಿಪೋಲಿತನ ಮೇಲೆ ಬಿಡುತ್ತಾನೆ. ಇರ್ಮೀನಾ ಒಪ್ಪಿದಳು. ತಪಾಸಣೆ ಮಾಡುವ ಸಬೀನಾ ಮೇಡಂ ಎಂಥ ಕಟ್ಟುನಿಟ್ಟಿನವಳೆಂದು ಅವಳು ಕೇಳಿ ತಿಳಿದಿದ್ದಳು.

ಅಳತೆ ತೆಗೆದದ್ದು ಫೆಬ್ರವರಿಯಲ್ಲಿ, ದೊಬ್ರಾವಾಳ ಶಾಲೆಯವರು ಅಂತಿಮ ಪರೀಕ್ಷೆಗೆ ನೂರು ದಿನವಿದೆಯೆಂದು ಕುಣಿದು ಸಂಭ್ರಮಿಸಿದ ಮಾರನೆಯ ವಾರ. ಆ ಕುಣಿತದಿಂದ ಪರೀಕ್ಷೆ ಮುಗಿಯುವ ತನಕ ಯಾವ ಮಕ್ಕಳೂ ಕೂದಲಿಗೆ ಕತ್ತರಿ ತಾಗಿಸುವುದಿಲ್ಲ. ಕತ್ತರಿಸಿದರೆ ಓದಿದ್ದೆಲ್ಲ ಜೊತೆಗೇ ಉದುರಿಹೋಗುತ್ತದಂತೆ. ದೊಬ್ರಾವಾಳ ಜೇನುಬಣ್ಣದ ಜಡೆ ಸೊಂಟಕ್ಕಿಳಿದಿತ್ತು. ಎರಡನೇ ಕ್ಲಾಸಿನಿಂದ ಪ್ರತಿ ಬೆಳಗ್ಗೆ ಅಡುಗೆಮನೆಯ ಕಿಟಕಿಯ ಬಳಿ, ಕುಂಟು ಸ್ಟೂಲಿನ ಮೇಲೆ ಕೂರಿಸಿ ಆ ಜಡೆ ಹೆಣೆದವಳು ಇರ್ಮೀನಾ. ಆ ದಿನವೂ ಹೆಣೆದು, ಕಿರೀಟದ ಹಾಗೆ ತಲೆಗೆ ಸುತ್ತಿ ಪಿನ್ನು ಚುಚ್ಚಿದಳು. ಅದರ ಮೇಲೆ ಲುದ್ವಿಕಾ ಹೊಲಿದ ಮೆತ್ತೆಯ ಟೋಪಿ, ಕೊನೆಗೆ ಉಕ್ಕಿನೊಳಗೆ ಹೊಲಿದು ಕೂರಿಸುವಂಥದ್ದು. ಅದರ ಮೇಲೆ ಹಿಪೋಲಿತನ ಟೇಪು. ಈಸ್ಟರ್ ಕಳೆದು ಬಣ್ಣ ಹಿಡಿದ ಉಕ್ಕನ್ನು ಹಾಗೆಯೇ ಒಮ್ಮೆ ಹಾಕಿ ನೋಡಿದಾಗ, ಕಣ್ಣಿನ ಸೀಳು ಕಣ್ಣಿನ ನೇರಕ್ಕೇ ಬಂದಿತ್ತು. ಮುದುಕ ಮೂರು ದಿನ ಶಿಳ್ಳೆ ಹಾಕಿಕೊಂಡು ಓಡಾಡಿದ.

ಮೇ ತಿಂಗಳ ಕೊನೆಯಲ್ಲಿ ಮೌಖಿಕ ಪರೀಕ್ಷೆಯೂ ಮುಗಿಯಿತು. ಅಂದು ಮಧ್ಯಾಹ್ನ ಇರ್ಮೀನಾ ಎಳೆ ಬೀಟ್ರೂಟ್ ಎಲೆಯ ಸಾರಿಗೆ ಸಬ್ಬಸಿಗೆ ಸೊಪ್ಪು ಹೆಚ್ಚುತ್ತಿದ್ದಳು. ಬಾಗಿಲು ತೆರೆಯಿತು. ಯಾರೋ ಹುಡುಗ ಬಂದನೆಂದು ತಲೆಯೆತ್ತಿ, "ಯಾರಪ್ಪಾ?" ಎಂದಳು.

"ಅಮ್ಮಾ! ಮುಗೀತು! ಎಲ್ಲಾ ಮುಗೀತು!"

ಇರ್ಮೀನಾ ಚಾಕು ಕೆಳಗಿಟ್ಟಳು. "ನಿನ್ನ ಕೂದಲೆಲ್ಲೇ?"

ದೊಬ್ರಾವಾ ಚೀಲದಿಂದ ವೃತ್ತಪತ್ರಿಕೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಎರಡು ತುದಿಗೂ ರಬ್ಬರ್ ಹಾಕಿದ ಜಡೆ. "ಹೆಲ್ಮೆಟ್ ಒಳಗೆ ಸೆಖೆ ಅಮ್ಮ. ಈಗ ನೋಡು, ಎಷ್ಟು ಹಗುರ! ಬಿಸಾಡೋಕೆ ಮನಸ್ಸು ಬರ್ಲಿಲ್ಲ, ತಗೊಂಡು ಬಂದೆ."

ಹಿತ್ತಿಲಿನಿಂದ ಬಂದ ಹಿಪೋಲಿತ್ ಮೊಮ್ಮಗಳನ್ನು ಸುತ್ತು ತಿರುಗಿಸಿ ನೋಡಿ, "ಆಹಾ! ಈಗ ಕಣೇ ನೀನು ಸಿಪಾಯಿ!" ಎಂದ. ಅಳತೆ ತೆಗೆದವನೇ ಅವನು, ಟೇಪು ಹಿಡಿದವನೇ ಅವನು. ಆಗಲೂ ಅವನ ತಲೆಗೆ ಹೊಳೆಯಲಿಲ್ಲ.

ಇರ್ಮೀನಾ ಎರಡು ದಿನ ಬಟ್ಟಲುಗಳನ್ನೆಲ್ಲ ಕುಕ್ಕಿ ಕುಕ್ಕಿ ಇಟ್ಟಳು. ಜಡೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಹಾಸಿಗೆ ಹೊದಿಕೆಗಳ ಬೀರುವಿನಲ್ಲಿ, ಎಲ್ಲಕ್ಕಿಂತ ಮೇಲಿನ ಅರೆಯಲ್ಲಿ ಇಟ್ಟಳು. ಬೆಳಗ್ಗೆ ಕಿಟಕಿಯ ಬಳಿ ನಿಂತರೆ ಕೈಗೆ ಕೆಲಸವಿರುತ್ತಿರಲಿಲ್ಲ. ಸುಮ್ಮನೆ ಸ್ಟೂಲು ಒರೆಸುತ್ತಿದ್ದಳು. ಅವಳಿಗೆ ನಿಜಕ್ಕೂ ಅಳು ಬರುತ್ತಿತ್ತು.

ಜೂನ್ ಸ್ಟ್ರಾಬೆರಿಯಲ್ಲಿ ಕಳೆಯಿತು. ದೊಬ್ರಾವಾ ಹಗಲೆಲ್ಲ ತೋಟದಲ್ಲಿ ಹಣ್ಣು ಕೀಳಲು ಹೋಗುವಳು, ಸಂಜೆ ತಂಡದವರ ಹಳೆಯ ಶಿರಸ್ತ್ರಾಣವೊಂದನ್ನು ಎರವಲು ಪಡೆದು ಕತ್ತಿವರಸೆ ಕಲಿಯುವಳು. ಲುದ್ವಿಕಾ ಜಾಮ್ ಕುದಿಸಿದಳು. ಹಿಪೋಲಿತ್ ಮುಖಪಟದ ರಿವೆಟ್ಟುಗಳನ್ನು ಮೂರು ಸಲ ಕಿತ್ತು ಮೂರು ಸಲ ಬಡಿದ. ಜುಲೈ ಮೊದಲಲ್ಲಿ ಫಲಿತಾಂಶ ಬಂತು, ದೊಬ್ರಾವಾ ಪಾಸು. ಗಣಿತದಲ್ಲೂ ಪಾಸು ಎಂಬುದನ್ನು ಗುಸ್ತಾವ್ ಎರಡೆರಡು ಸಲ ಓದಿಸಿ ಕೇಳಿದ. ಯುದ್ಧಕ್ಕೆ ಆರು ದಿನವಿದೆ ಎನ್ನುವಾಗ, ಭಾನುವಾರ ಕೋಳಿ ಸಾರು ಕುಡಿದೆದ್ದ ಮೇಲೆ, ಹೊಸ ಶಿರಸ್ತ್ರಾಣ ಮೇಜಿಗೆ ಬಂತು. ಮೆತ್ತೆ ಒಳಗೆ ಹೊಲಿದಾಗಿತ್ತು. ಹಿಪೋಲಿತ್ ಅದನ್ನು ಎರಡೂ ಕೈಯಿಂದ ಎತ್ತಿ ಮೊಮ್ಮಗಳ ತಲೆಗಿಟ್ಟ.

"ತಾತ, ಕತ್ತಲೆ!"

"ಕಣ್ಣು ಬಿಡೇ."

"ಬಿಟ್ಟೇ ಇದೀನಿ. ಸೀಳು ನನ್ನ ಮೂಗಿನ ಹತ್ರ ಇದೆ."

"ಎಡಕ್ಕೆ ತಿರುಗು ನೋಡೋಣ."

ದೊಬ್ರಾವಾ ಎಡಕ್ಕೆ ತಿರುಗಿದಳು. ತಲೆ ತಿರುಗಿತು, ನಾಯಿಮೂತಿ ಮಾತ್ರ ಬೀರುವಿನ ಕಡೆಗೇ ಮುಖ ಮಾಡಿಕೊಂಡಿತ್ತು. ಲುದ್ವಿಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡನ ಮುಖ ನೋಡಿದ ಮೇಲೆ ನಗು ನಿಲ್ಲಿಸಿದಳು. ಹಿಪೋಲಿತ್ ಟೇಪು ತಂದು ಮೊಮ್ಮಗಳ ತಲೆ ಅಳೆದ, ಷೆಡ್ಡಿನ ಪುಸ್ತಕ ತೆಗೆದು ಫೆಬ್ರವರಿಯ ಅಳತೆ ನೋಡಿದ.

"ಜಡೆ" ಎಂದ. "ಜಡೆ ಒಳಗಿತ್ತು. ಅಯ್ಯೋ ನನ್ನ ಬುದ್ಧಿಗಿಷ್ಟು! ಜಡೆ ಸೇರಿಸಿ ಅಳೆದಿದೀನಿ!"

"ಉಕ್ಕನ್ನ ಸ್ವಲ್ಪ ಚಿಕ್ಕದು ಮಾಡೋಕೆ..." ಎಂದ ಗುಸ್ತಾವ್.

"ಸ್ವೆಟರಾ ಅದು, ಒಗೆದ್ರೆ ಕುಗ್ಗೋಕೆ?" ಎಂದ ಹಿಪೋಲಿತ್.

ಸೋಮವಾರ ಇರ್ಮೀನಾ ಚೆರ್ರಿ ತುಂಬಿದ ಪಿಯೆರೋಗಿ ಮಾಡಿದಳು. ಕೆಲಸದ ದಿನ ಅಷ್ಟೊಂದು ಕಡುಬು ಯಾರೂ ಮಾಡುವುದಿಲ್ಲ. ಮೇಲೆ ಕೆನೆ, ಕೆನೆಯ ಮೇಲೆ ಸಕ್ಕರೆ. ಹಾಡನ್ನೂ ಗುನುಗಿಕೊಂಡಳು.

"ಇವತ್ಯಾವ ಹಬ್ಬ?" ಎಂದಳು ಲುದ್ವಿಕಾ.

"ಚೆರ್ರಿ ಹಣ್ಣಾಗಿತ್ತು ಅತ್ತೆ, ಹಕ್ಕಿ ತಿಂದುಬಿಡುತ್ವೆ ಅಂತ."

"ಹೂಂ. ಹಕ್ಕಿ ಸಂಗತಿ ನಂಗೂ ಗೊತ್ತು."

ಉಳಿದವರು ಕೈಕಟ್ಟಿ ಕೂರಲಿಲ್ಲ. ಲುದ್ವಿಕಾ ಮೆತ್ತೆ ಬಿಚ್ಚಿ ಇನ್ನೂ ಎರಡು ಹಿಡಿ ಉಣ್ಣೆ ತುಂಬಿದಳು. ಹಿಪೋಲಿತ್ ಮರದ ಸುತ್ತಿಗೆಯಿಂದ ಹತ್ತು ಏಟು ಹಾಕುವಷ್ಟರಲ್ಲಿ ಉಣ್ಣೆ ಚಪ್ಪಟೆಯಾಗಿ ಸೀಳು ಮತ್ತೆ ಮೂಗಿಗಿಳಿಯಿತು. ಗುಸ್ತಾವ್ ಸ್ಪಂಜು ತರುತ್ತೇನೆಂದ. "ಸಬೀನಾ ಮೇಡಂ ದಬ್ಬಣ ಚುಚ್ಚಿ ನೋಡ್ತಾಳೆ. ಹೋದ ವರ್ಷ ಸ್ಪಂಜು ಹಾಕಿದವನನ್ನ ಗೇಟಿಂದ ವಾಪಸ್ ಕಳಿಸಿದ್ಲು, ಪಾಪ, ಅತ್ತುಬಿಟ್ಟ" ಎಂದ ಹಿಪೋಲಿತ್.

"ಕುದುರೆ ಕೂದಲು ಬೇಕು" ಎಂದಳು ಲುದ್ವಿಕಾ. ಅವಳು ಮೂವತ್ತು ವರ್ಷ ಪೀಠೋಪಕರಣದ ಕಾರ್ಖಾನೆಯಲ್ಲಿ ಸೋಫಾಗಳಿಗೆ ಮೆತ್ತೆ ತುಂಬಿದವಳು. "ಅದೊಂದೇ ಎಷ್ಟು ಬಡಿದ್ರೂ ಮತ್ತೆ ಎದ್ದು ನಿಲ್ಲೋದು."

ತರಿಸಿಕೊಳ್ಳಲು ಹತ್ತು ದಿನವಾಗುತ್ತದೆಂದು ಅಂಗಡಿಯವನು ಹೇಳಿದ. ಕುದುರೆ ಸಾಕಿದವರಿಗೆ ದೊಬ್ರಾವಾ ಫೋನ್ ಮಾಡಿದಳು. ಆ ಕುದುರೆಗಳೂ ಶನಿವಾರ ಯುದ್ಧಕ್ಕೆ ಹೋಗುವಂಥವೇ. ಯುದ್ಧದ ವಾರದಲ್ಲಿ ಕುದುರೆಯ ಬಾಲ ಕೇಳುತ್ತೀಯಾ ಎಂದು ಮಾಲೀಕ ಬೈದು ಫೋನಿಟ್ಟ. ಆಗ ಹಿಪೋಲಿತನ ಕಣ್ಣು ತನ್ನ ಹಳೆಯ ಆರಾಮಕುರ್ಚಿಯ ಮೇಲೆ ಬಿತ್ತು. ಲುದ್ವಿಕಾ ಬಾಯಿ ತೆರೆಯುವ ಮೊದಲೇ ಚಾಕು ಹಾಕಿ ಬೆನ್ನು ಸೀಳಿದ. ಒಳಗಿನಿಂದ ಹಳದಿ ಸ್ಪಂಜು ಹೊರಬಂತು.

"ಇದರಲ್ಲಿ ಕುದುರೆ ಕೂದಲಿತ್ತಲ್ಲೇ!"

"ಇತ್ತು. ತೊಂಬತ್ತೆಂಟರಲ್ಲಿ ನಾನೇ ತೆಗೆದು ಮಾರಿದೆ."

"ನಂಗೆ ಹೇಳ್ಲೇ ಇಲ್ಲ!"

"ಇಷ್ಟು ವರ್ಷ ಕೂತ್ಕೊಂಡಿದ್ಯಲ್ಲ ಮುದುಕಾ, ನಿನ್ನ ಕುಂಡೆಗೇ ಗೊತ್ತಾಗ್ಲಿಲ್ಲ, ನಾನ್ಯಾಕೆ ಹೇಳ್ಲಿ?"

ಬುಧವಾರ ಇರ್ಮೀನಾ ಕ್ಲಿನಿಕ್ಕಿನಿಂದ ಮೂರಕ್ಕೇ ಬಂದಳು. ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹಿತ್ತಿಲಿಗೆ ಹೋದರೆ, ಸೇಬಿನ ಮರದ ಕೆಳಗೆ ಹಳೆಯ ಹಾಸಿಗೆ ಹಾಸಿತ್ತು. ಎದುರಿಗೆ ಹಿಪೋಲಿತ್, ಕೈಯಲ್ಲಿ ಲಟ್ಟಣಿಗೆ ಹಿಡಿದ ದೊಬ್ರಾವಾ. ನೇತುಹಾಕಿದ ಹೊದಿಕೆಯ ಹಿಂದೆ ಇರ್ಮೀನಾ ನಿಂತುಕೊಂಡಳು. ಬೈಯಲು ಬಾಯಿ ತೆರೆದವಳು ಮುಚ್ಚಿದಳು.

ಹುಡುಗಿ ಲಟ್ಟಣಿಗೆ ಬೀಸಿದಳು, ಮುದುಕನ ಹೆಗಲಿಗೆ ಸುಮ್ಮನೆ ತಾಗಿಸಿದಳು. ತಾಗಿಸಿದ ಕೂಡಲೇ ಇನ್ನೊಂದು ಕೈಯಿಂದ ಅವನ ಮೊಣಕೈ ಹಿಡಿದು, ತನ್ನ ತೊಡೆಯನ್ನು ಅವನ ಸೊಂಟಕ್ಕೆ ಆನಿಸಿ, ಬಲಮಂಡಿಗೆ ಭಾರ ಬೀಳದ ಹಾಗೆ ಎಡಕ್ಕೆ ಮೆಲ್ಲಗೆ ಇಳಿಸಿದಳು. ದೂರದಿಂದ ನೋಡಿದರೆ ಕೆಡವಿದ ಹಾಗೇ ಕಾಣುತ್ತಿತ್ತು.

"ಮಂಡಿ?" ಎಂದಳು ಹುಡುಗಿ.

"ಏನೂ ಇಲ್ಲ. ಹಾಸಿಗೆ ಮೇಲೆ ಮಲಗಿಸಿದ ಹಾಗಿತ್ತು. ಆದ್ರೆ ಇನ್ನು ಯಾಕೆ ಕಲೀತೀಯ ಪುಟ್ಟಿ? ಶನಿವಾರ ಆ ಕಸಾಯಿ ಜೆನೋನನ್ನ ಬಿಡ್ತಾರಂತೆ ನನ್ನ ಮೇಲೆ."

"ಮತ್ತೆ ಜೆನೋನಾ? ಹಾಗಾದ್ರೆ ನೀನು ಹೋಗ್ಬೇಡ ತಾತ."

ಇರ್ಮೀನಾ ಹೊದಿಕೆ ಸರಿಸಿ ಎದುರಿಗೆ ಬಂದಳು. "ಮತ್ತೆ ಅಂದ್ರೆ? ಹೋದ ವರ್ಷ ಏನಾಯ್ತು?"

ಇಬ್ಬರೂ ಬೆಕ್ಕು ಕಂಡ ಇಲಿಗಳ ಹಾಗೆ ಬೆಚ್ಚಿದರು.

"ಮಂಡಿ ಊದಿಸ್ಕೊಂಡು ಬಂದು, ಬಸ್ಸಿಂದ ಇಳೀವಾಗ ಜಾರಿದೆ ಅಂದಿದ್ರಿ, ಮಾವ."

ಹಿಪೋಲಿತ್ ಹಾಸಿಗೆಯ ಮೇಲೆ ಕೂತುಕೊಂಡೇ ಮಂಡಿ ಉಜ್ಜಿದ. "ಬಸ್ಸಿಂದ ಅಲ್ಲಮ್ಮ. ಜೆನೋನ್ ತಳ್ಳಿದ. ಅವನ ತಪ್ಪಿಲ್ಲ, ಅವನ ಕೈಯೇ ಹಾಗೆ. ಕಹಳೆ ಊದಿದ್ರು, ಸತ್ತೋರೆಲ್ಲ ಎದ್ರು, ನಂಗೆ ಏಳೋಕಾಗ್ಲಿಲ್ಲ. ಜನ ಚಪ್ಪಾಳೆ ಹೊಡೀತಾ ಇದ್ರು. ಇಬ್ರು ಎತ್ಕೊಂಡು ಬಂದ್ರು."

"ನಾನು ನೋಡ್ದೆ ಅಮ್ಮ" ಎಂದಳು ದೊಬ್ರಾವಾ. "ನಾನೇ ತಾತಂಗೆ ಹೇಳಿದ್ದು, ಮುಂದಿನ ವರ್ಷ ನಾನು ಬೀಳಿಸ್ತೀನಿ, ಮೆಲ್ಲಗೆ ಬೀಳಿಸ್ತೀನಿ ಅಂತ."

"ಬಿಟ್ಟುಬಿಡಬಾರದಾ ಮಾವ? ಇಪ್ಪತ್ತೆರಡು ವರ್ಷ ಸಾಲದಾ?"

"ಇಪ್ಪತ್ತೆರಡು ವರ್ಷ ಬಿದ್ದೋನು ಕಣಮ್ಮ ನಾನು. ಕೊನೇದು ಹಾಗೆ ಹೊತ್ಕೊಂಡು ಬಂದಿದ್ದಾಗಬಾರದು. ಒಂದ್ಸಲ ಸರಿಯಾಗಿ ಬಿದ್ದು, ಸರಿಯಾಗಿ ಎದ್ದು ಬಂದುಬಿಡ್ತೀನಿ. ಆಮೇಲೆ ನಿನ್ನ ಓವನ್ನಿನ ಹತ್ರಾನೂ ಬರಲ್ಲ."

ಇರ್ಮೀನಾ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಸೋಮವಾರದ ಪಿಯೆರೋಗಿ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಕುರ್ಚಿ ಎಳೆದು, ಹತ್ತಿ, ಬೀರುವಿನ ಮೇಲಿನ ಅರೆಗೆ ಕೈ ಹಾಕಿದಳು. ಬಿಳಿ ವಸ್ತ್ರದ ಗಂಟನ್ನು ತಂದು ಅತ್ತೆಯ ಮುಂದಿಟ್ಟಳು.

"ಅತ್ತೆ, ಕುದುರೆದೇ ಆಗಬೇಕಾ?"

ಲುದ್ವಿಕಾ ಗಂಟು ಬಿಚ್ಚಿದಳು. ಸೊಸೆಯ ಮುಖ ನೋಡಿದಳು. ಜಡೆಯನ್ನು ಅಂಗೈಯಲ್ಲಿ ತೂಗಿ, ಒಂದು ಕೂದಲು ಎಳೆದು ನೋಡಿದಳು. "ದಪ್ಪ ಕೂದಲು. ನಾರು ಬೆರೆಸಿದ್ರೆ ಧಾರಾಳ ಸಾಕು. ಕುದಿಸಬೇಕು."

"ಕುದಿಸೋದಾ?"

"ಹಾಗೇ ತುಂಬಿದ್ರೆ ಜಾರ್ಕೊಂಡು ಒಂದು ಕಡೆ ಸೇರುತ್ತೆ. ಸಣ್ಣಸಣ್ಣ ಎಳೆ ಮಾಡಿ, ಬಿಗಿಯಾಗಿ ಹೆಣೆದು, ಕುದಿಸಿ, ಓವನ್ನಲ್ಲಿ ಒಣಗಿಸಿ ಬಿಡಿಸಿದ್ರೆ ಗುಂಗುರು ನಿಲ್ಲುತ್ತೆ. ಸ್ಪ್ರಿಂಗ್ ಥರ. ಫ್ಯಾಕ್ಟರೀಲಿ ಹಾಗೇ ಮಾಡ್ತಿದ್ವಿ. ಹೆಣೆಯೋಕೆ ನನ್ನ ಬೆರಳು ಬಗ್ಗಲ್ಲ, ನೀನೇ ಹೆಣಿ."

ದೊಬ್ರಾವಾ ಕುಂಟು ಸ್ಟೂಲಿನ ಮೇಲೆ ಕೂತು ಒಂದು ತುದಿ ಹಿಡಿದುಕೊಂಡಳು. ಇರ್ಮೀನಾ ಜಡೆ ಬಿಚ್ಚಿ, ಎಳೆ ಪಾಲು ಮಾಡಿ ಹೆಣೆಯತೊಡಗಿದಳು. ಕಿಟಕಿಯ ಹೊರಗೆ ಹಿಪೋಲಿತ್, ಅವಳು ಬುಟ್ಟಿಯಲ್ಲೇ ಬಿಟ್ಟುಬಂದ ಬಟ್ಟೆಗಳನ್ನು ಒಣಹಾಕುತ್ತಿದ್ದ, ಕಾಲುಚೀಲಗಳನ್ನೆಲ್ಲ ತಪ್ಪು ಜೋಡಿ ಮಾಡಿ.

"ಕೋಪ ಹೋಯ್ತಾ ಅಮ್ಮ?"

"ಇಲ್ಲ. ಬಿಗಿಯಾಗಿ ಹಿಡ್ಕೋ."

"ಇಷ್ಟು ಬಿಗಿಯಾಗಿ ಎಳೀತೀಯಲ್ಲ, ಇದು ತಲೇಲಿ ಇದ್ದಾಗ ನಂಗೆಷ್ಟು ನೋವಾಗ್ತಿತ್ತು ಗೊತ್ತಾ?"

"ಹನ್ನೊಂದು ವರ್ಷ ಹೇಳ್ಲೇ ಇಲ್ವಲ್ಲೇ!"

"ನೀನು ಹೆಣೀವಾಗ ಕತೆ ಹೇಳ್ತಿದ್ದೆ. ನೋವಾಗುತ್ತೆ ಅಂದ್ರೆ ನಿಲ್ಲಿಸ್ತಿದ್ದೆ."

ಇರ್ಮೀನಾ ಹೆಣೆಯುವುದನ್ನು ನಿಲ್ಲಿಸಿ, ಮಗಳ ಮೋಟುಗೂದಲ ತಲೆಯನ್ನು ಎಳೆದು ಎದೆಗೊತ್ತಿಕೊಂಡಳು.

ಜಡೆಗಳು ಕುದಿದದ್ದು ಭಾನುವಾರದ ಕೋಳಿ ಸಾರಿನ ಪಾತ್ರೆಯಲ್ಲೇ. ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಕೆಲಸದಿಂದ ಬಂದ ಗುಸ್ತಾವ್ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ವರಾಂಡಕ್ಕೆ ಹೋದ. ಗುರುವಾರ ಓವನ್ನಿನ ಉರಿಯನ್ನು ಇರ್ಮೀನಾ ತಾನೇ ನೋಡಿಕೊಂಡಳು, ಒಣಗುವ ತನಕ ಮಾವನನ್ನು ಹತ್ತಿರ ಸುಳಿಯಗೊಡಲಿಲ್ಲ. ಸಂಜೆ ಐವರೂ ಮೇಜಿನ ಸುತ್ತ ಕೂತು ಜಡೆಗಳನ್ನು ಬಿಡಿಸಿದರು. ಬಿಡಿಸಿದಂತೆಲ್ಲ ಕೂದಲು ಉಬ್ಬಿ ಉಬ್ಬಿ ಮೇಜಿನ ತುಂಬ ಗುಂಗುರಾಗಿ ಎದ್ದು ನಿಂತಿತು. ಹಿಪೋಲಿತ್ ಒಂದು ಹಿಡಿ ಎತ್ತಿ ತನ್ನ ಬೋಳು ತಲೆಯ ಮೇಲಿಟ್ಟುಕೊಂಡ. ಲುದ್ವಿಕಾಳಿಗೆ ನಕ್ಕು ನಕ್ಕು ಬಿಕ್ಕಳಿಕೆ ಹಿಡಿಯಿತು.

ಶುಕ್ರವಾರ ಮಧ್ಯಾಹ್ನಕ್ಕೆ ಹೊಲಿಗೆ ಮುಗಿಯಿತು. ಶಿರಸ್ತ್ರಾಣ ತಲೆಗೇರಿತು. ಸೀಳಿನಾಚೆ ದೊಬ್ರಾವಾಳ ಎರಡು ಕಣ್ಣೂ ಕಂಡವು. ಹಿಪೋಲಿತ್ ಮರದ ಸುತ್ತಿಗೆ ಎತ್ತಿದವನು ಹಾಗೇ ನಿಂತು, ಅದನ್ನು ಸೊಸೆಯ ಕೈಗೆ ಕೊಟ್ಟ.

"ನೀನೇ ನೋಡಮ್ಮ. ನಿಂಗೇ ಅಲ್ವಾ ನಂಬಿಕೆ ಬರಬೇಕಾದ್ದು?"

"ನನ್ನ ಮಗಳ ತಲೆಗೆ ನಾನು ಹೊಡೀಲಾ?"

"ಹೊಡಿ ಅಮ್ಮ!" ಎಂದಿತು ನಾಯಿಮೂತಿ ಒಳಗಿನಿಂದ.

ಇರ್ಮೀನಾ ಮೊದಲ ಏಟನ್ನು ಬಾಗಿಲು ತಟ್ಟಿದ ಹಾಗೆ ಹಾಕಿದಳು. ಎಲ್ಲರೂ ನಕ್ಕರು. ಅವಳಿಗೆ ರೇಗಿತು.

"ನಂಗೆ ಹೇಳದೆ ಜಡೆ ಕತ್ತರಿಸಿದ್ದಕ್ಕೆ!" ಠಣ್. "ನೋವಾದ್ರೂ ಬಾಯಿ ಮುಚ್ಕೊಂಡಿದ್ದಕ್ಕೆ!" ಠಣ್. "ಬಸ್ಸಿಂದ ಜಾರಿದ್ರು ಅಂತ ತಾತನ ಜೊತೆ ಸೇರಿ ಸುಳ್ಳು ಹೇಳಿದ್ದಕ್ಕೆ!" ಠಣ್. "ಇದು ನನ್ನ ಈಸ್ಟರ್ ಕೇಕಿಗೆ!"

"ಕೇಕು ಹಾಳು ಮಾಡಿದ್ದು ತಾತ!"

"ನಿಮ್ಮ ತಾತಂಗೆ ನಾಳೆ ನೀನು ಹೊಡಿ!"

ಇಪ್ಪತ್ತನೆಯ ಏಟಿಗೆ ಇರ್ಮೀನಾಳಿಗೆ ಏದುಸಿರು. ಸೀಳು ಕೂದಲೆಳೆಯಷ್ಟೂ ಕದಲಿರಲಿಲ್ಲ. ಮುಖಪಟ ಎತ್ತಿದರೆ ದೊಬ್ರಾವಾ ಹಲ್ಲು ಕಿರಿಯುತ್ತಿದ್ದಳು. ಇರ್ಮೀನಾ ಅಭ್ಯಾಸಬಲದಿಂದ ಹಲ್ಲುಗಳನ್ನು ಎಣಿಸಿದಳು.

ಶನಿವಾರ ಬೆಳಗ್ಗೆ ಬಯಲಿನಲ್ಲಿ ಆಗಲೇ ಬಿಸಿಲು ಚುರುಗುಡುತ್ತಿತ್ತು. ಇರ್ಮೀನಾ ಲುದ್ವಿಕಾಳ ಹಳೆಯ ನಾರುಬಟ್ಟೆಯ ಉದ್ದಂಗಿ ತೊಟ್ಟು, ತಲೆಗೆ ವಸ್ತ್ರ ಕಟ್ಟಿ, ಮರದ ಬಾನಿ ಹಿಡಿದು ಬಂದಿದ್ದಳು. ಬಿದ್ದವರಿಗೆ ನೀರು ಕೊಡುವ ಹೆಂಗಸರು ತಂಡಕ್ಕೆ ಯಾವತ್ತೂ ಕಡಿಮೆ. ಇಷ್ಟು ವರ್ಷದಲ್ಲಿ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು.

ಸಬೀನಾ ಮೇಡಂ ಕನ್ನಡಕ ಮೂಗಿನ ತುದಿಗಿಳಿಸಿ ಶಿರಸ್ತ್ರಾಣದ ಹೊರಗೆಲ್ಲ ಬೆರಳಾಡಿಸಿದಳು, ರಿವೆಟ್ಟು ಎಣಿಸಿದಳು. ಆಮೇಲೆ ಮೆತ್ತೆಗೆ ದಬ್ಬಣ ಚುಚ್ಚಿ, ಚಿಮುಟದಿಂದ ಒಂದೆಳೆ ಎಳೆದು ಬಿಸಿಲಿಗೆ ಹಿಡಿದಳು. ಜೇನುಬಣ್ಣದ ಗುಂಗುರು.

"ಇದೇನು, ಕುದುರೆ ಕೂದಲಾ? ಇಷ್ಟು ನುಣುಪು? ಯಾವ ಕುದುರೆದು?"

"ನಮ್ಮನೇದೇ ಮೇಡಂ" ಎಂದಳು ಲುದ್ವಿಕಾ. "ಸ್ವಲ್ಪ ಹಟಮಾರಿ."

ಸಬೀನಾ ಹುಡುಗಿಯ ಮೋಟುಗೂದಲ ತಲೆ ನೋಡಿದಳು, ಕೈಯಲ್ಲಿದ್ದ ಎಳೆ ನೋಡಿದಳು, ಬಾನಿ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದ ಇರ್ಮೀನಾಳನ್ನು ನೋಡಿದಳು. "ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ. ತಪ್ಪು ಅಂತ ಹೇಳೋಕೆ ನಿಯಮಾನೇ ಇಲ್ಲ" ಎಂದು ಸೀಲು ಒತ್ತಿದಳು. ಗಟ್ಟಿಯಾಗಿ ಕೂಗಿ ಕುಣಿದವಳು ದೊಬ್ರಾವಾ ಅಲ್ಲ, ಇರ್ಮೀನಾ. ಬಾನಿಯ ಅರ್ಧ ನೀರು ಮೇಡಂ ಕಾಗದಗಳ ಮೇಲೆ ಚೆಲ್ಲಿತು.

ಮಧ್ಯಾಹ್ನ ಸಾವಿರಾರು ಜನರೆದುರು ಯುದ್ಧ ನಡೆಯಿತು. ಧೂಳು, ಕುದುರೆ, ಕಹಳೆ. ಇರ್ಮೀನಾ ಹಗ್ಗದ ಅಂಚಿನಲ್ಲಿ ನಿಂತು ನಾಯಿಮೂತಿಗಳ ನಡುವೆ ತನ್ನದನ್ನು ಹುಡುಕಿದಳು. ಓವನ್ನಿನಲ್ಲಿ ಅಂದು ಕಂಡಿದ್ದ ಬಣ್ಣ, ತಟ್ಟನೆ ಗುರುತು ಸಿಕ್ಕಿತು. ಕಪ್ಪು ಶಿಲುಬೆಯ ಮುದುಕ ಕತ್ತಿಯೆತ್ತಿ ಗರ್ಜಿಸಿದ, ನಾಯಿಮೂತಿ ನುಗ್ಗಿತು, ಒಂದು ಏಟು, ಎರಡು, ಮೂರನೆಯದಕ್ಕೆ ಹುಡುಗಿಯ ಎಡಗೈ ಅವನ ಮೊಣಕೈ ಹಿಡಿಯಿತು. ಹಿಪೋಲಿತ್ ಎಡಕ್ಕೆ ಇಳಿದ, ಹುಲ್ಲಿನ ಮೇಲೆ ತೋಳು ಚಾಚಿ ಮಲಗಿದ. ಜನ ಹೋ ಎಂದರು.

ಇರ್ಮೀನಾ ಬಾನಿ ಹಿಡಿದು ಓಡಿದಳು. ಸತ್ತವರು ಕಹಳೆಯ ತನಕ ಅಲ್ಲಾಡಬಾರದು. ಅವಳು ಮೊಣಕಾಲೂರಿ ಅವನ ಮುಖಪಟ ಎತ್ತಿ, ತುಟಿಗೆ ನೀರು ಹಿಡಿದಳು.

"ಮಾವ, ಮಂಡಿ?"

"ಶ್... ಸತ್ತಿದೀನಿ." ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿಯೇ ಪಿಸುಗುಟ್ಟಿದ, "ಹೆಂಗೆ ಸತ್ತೆ?"

"ಇಷ್ಟು ವರ್ಷದಲ್ಲೇ ಚೆನ್ನಾಗಿ ಸತ್ರಿ."

"ಒಂದು ವರ್ಷಾನೂ ಬಂದು ನೋಡಿಲ್ಲ, ಹೇಳೋದು ನೋಡು" ಎಂದು ಸತ್ತವನು ನಕ್ಕ. ಅವನ ಕಣ್ಣಂಚಿನಿಂದ ನೀರಿಳಿದು ಕಿವಿಗೆ ಹೋಯಿತು.

ಕಹಳೆ ಮೊಳಗಿತು. ಸತ್ತವರೆಲ್ಲ ಎದ್ದರು. ಹಿಪೋಲಿತ್ ಮೊಮ್ಮಗಳ ಕೈ ಮುಟ್ಟಲೂ ಇಲ್ಲ. ಎಡಗೈ ಊರಿ ಒಂದು ಮಂಡಿ, ಆಮೇಲೆ ಇನ್ನೊಂದು, ತಾನೇ ಎದ್ದು ನಿಂತು ಜನರಿಗೆ ನಮಸ್ಕರಿಸಿದ.

ಮರುದಿನ ಭಾನುವಾರ ಅದೇ ಪಾತ್ರೆಯಲ್ಲಿ ಕೋಳಿ ಸಾರು. ಗುಸ್ತಾವ್ ತಟ್ಟೆಯಲ್ಲಿ ಚಮಚ ಆಡಿಸಿ ಆಡಿಸಿ ನೋಡಿದ.

"ಏನೋ ಹುಡುಕ್ತಿದೀಯ?" ಎಂದಳು ಲುದ್ವಿಕಾ.

"ಏನಿಲ್ಲಮ್ಮ. ಶಾವಿಗೆ ಯಾವುದು ಅಂತ."

ನಕ್ಕು ಮುಗಿದ ಮೇಲೆ ಹಿಪೋಲಿತ್ ಅಲಮಾರಿನ ಮೇಲಿದ್ದ ನಾಯಿಮೂತಿಯನ್ನು ನೋಡಿ ತಟ್ಟನೆ ಚಮಚ ಕೆಳಗಿಟ್ಟ. "ಅಯ್ಯೋ! ಮುಂದಿನ ವರ್ಷಕ್ಕೆ ಇವಳ ಕೂದಲು ಮತ್ತೆ ಬೆಳೆಯುತ್ತಲ್ಲ! ಆಗ ಹೆಲ್ಮೆಟ್ ತಲೆಗೆ ಇಳಿಯಲ್ಲ!"

ಎಲ್ಲರೂ ಮೆಲ್ಲಗೆ ಇರ್ಮೀನಾಳ ಕಡೆ ನೋಡಿದರು. ಅವಳು ತನ್ನ ಸಾರು ಕುಡಿದು ಮುಗಿಸಿದಳು, ಎದ್ದಳು, ಡ್ರಾಯರ್ ಎಳೆದು ಕತ್ತರಿಯನ್ನೂ ಬಾಚಣಿಗೆಯನ್ನೂ ತೆಗೆದಳು. ಕುಂಟು ಸ್ಟೂಲನ್ನು ಕಿಟಕಿಯ ಬಳಿಗೆ ಎಳೆದಳು.

"ಕಿವಿ ಹಿಂದೆ ಆಗ್ಲೇ ಉದ್ದ ಬಂದಿದೆ" ಎಂದಳು. "ಬಾರೇ, ಕೂತ್ಕೋ. ಯಾವ ಕತೆ ಹೇಳ್ಲಿ?"